ಎಡಗಡೆಯ ಲೋಟ

ಅಪ್ಪ ಮಗಳು ಮಾತು ಬಿಟ್ಟು ವಾರಗಳೇ ಕಳೆದಿದ್ದವು. ಮಾತು ಬಿಟ್ಟರೇನಂತೆ, ಒಂದೇ ಅಡುಗೆಮನೆ, ಒಂದೇ ಬಚ್ಚಲು, ಒಂದೇ ಊಟದ ಮೇಜು. ಹೇಳುವುದು ಕೇಳುವುದು ಇದ್ದೇ ಇರುತ್ತದೆ. ಅದೆಲ್ಲ ಅಜ್ಜಿಯ ಮೂಲಕ ಸಾಗುತ್ತಿತ್ತು.

"ಅವ್ವಾ, ಈ ಮನೇಲಿ ಯಾರಾದರೂ ನೀರು ಹಾಕ್ತಾರಾ ಕೇಳು," ಎನ್ನುವನು ಅಪ್ಪ. ನೀರಿನ ಜಗ್ಗು ಮಗಳ ಮೊಣಕೈಗೆ ತಾಗಿಕೊಂಡೇ ಇರುತ್ತಿತ್ತು.

"ಅಜ್ಜೀ, ಬಿಸಿಯದೋ ತಣ್ಣಗಿನದೋ ಕೇಳು," ಎನ್ನುವಳು ಮಗಳು.

"ನಾನೇನು ಟಪಾಲಿನವಳಾ? ಅವನ ಬಾಯಿ ಇಲ್ಲೇ ಇದೆ, ಇವಳ ಕಿವಿ ಇಲ್ಲೇ ಇದೆ, ನಡುವೆ ನನ್ನ ಊಟ ಆರಿಹೋಗ್ತಿದೆ," ಎಂದು ಅಜ್ಜಿ ಗೊಣಗುವಳು. ಗೊಣಗಿದರೂ ಎರಡೂ ಕಡೆಯ ಮಾತಿಗೆ ತನ್ನದೊಂದು ಒಗ್ಗರಣೆ ಹಾಕಿಯೇ ದಾಟಿಸುವಳು. ಹೊಲಿಗೆ ಮಿಷನ್ನಿನ ಮುಂದೆ ಕುಳಿತ ಅಮ್ಮ ಮಾತ್ರ ತಲೆ ಎತ್ತುತ್ತಿರಲಿಲ್ಲ. ಶಾಲೆಯ ಸಮವಸ್ತ್ರಗಳಿಗೆ ಕಾಲರು ಕೂಡಿಸುತ್ತ, ಮಾತು ಬಿಸಿಯೇರಿದಾಗ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುವಳು.

ಅಪ್ಪ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಮಗಳು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ. ಅವಳು ಹುಟ್ಟಿದ ದಿನ ಅಳು ಕೇಳಿ, "ಇದು ಮಗುವಲ್ಲ, ಹಾರ್ನು," ಎಂದಿದ್ದನಂತೆ. ಆ ಹೆಸರೇ ನಿಂತಿತು. ಹಾರ್ನು ನಡೆಯಲು ಕಲಿತ ಮೇಲೆ, ಸಂಜೆ ವ್ಯಾನನ್ನು ಹಿಂದು ಹಿಂದಾಗಿ ಗೇಟಿನೊಳಕ್ಕೆ ತರುವಾಗ ಹಿಂದೆ ನಿಂತು ಕೈ ಬೀಸುವುದು ಅವಳ ಪಾಲಿಗೆ ಬಂತು. "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಪ್ಪ ಕನ್ನಡಿ ನೋಡಿರಲಿ ಬಿಡಲಿ, ಅವಳು ಹೋಲ್ಡಾನ್ ಎಂದರೆ ಬ್ರೇಕು ಬೀಳುತ್ತಿತ್ತು.

ಈಗ ಹಾರ್ನು ಓದು ಮುಗಿಸಿ, ಶಾಲೆಯೆದುರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಗಿರಾಕಿಯ ಚೀಟಿ ನೋಡಿ ಮಾತ್ರೆ ಕತ್ತರಿಸಿ ಕೊಡುತ್ತಿದ್ದಾಗ ಗಾಜಿನಾಚೆ ಅಪ್ಪನ ವ್ಯಾನು ಕಂಡಿತು. ಮಕ್ಕಳನ್ನು ಹತ್ತಿಸಿಕೊಂಡು ಹೊರಟಿತ್ತು. ಅದರ ಎಡಪಕ್ಕದಲ್ಲೇ ಒಂದು ಪುಟ್ಟ ಹುಡುಗಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿತ್ತು. ವ್ಯಾನು ಅದರ ಬೆನ್ನಿನ ಚೀಲವನ್ನು ಉಜ್ಜಿಕೊಂಡು ಹೋಯಿತು. ಹುಡುಗಿ ಮುಗ್ಗರಿಸಿ ಬಿತ್ತು, ಎದ್ದು ಮಂಡಿಯ ಮಣ್ಣು ಕೊಡವಿಕೊಂಡಿತು. ಅಪ್ಪ ನಿಲ್ಲಿಸಲಿಲ್ಲ. ಅವನಿಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಶಾಲೆಯ ಕಚೇರಿಗೆ ಹೋಗಿ ಹೇಳಿದಳು. ಹೆಡ್ ಮಿಸ್ಸು ಅಪ್ಪನನ್ನು ಕರೆಸಿ, ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರುವ ತನಕ ವ್ಯಾನು ಬೇಡ ಎಂದರು. ಹೇಳಿದ್ದು ಯಾರೆಂಬುದನ್ನೂ ಮುಚ್ಚಿಡಲಿಲ್ಲ.

"ಕನ್ನಡಕ ಇಲ್ಲದೆ ಪೇಪರ್ ಓದ್ತೀನಿ. ನಿಮ್ಮಮ್ಮನ ಸೂಜಿಗೆ ದಾರ ಪೋಣಿಸಿ ಕೊಡೋನು ನಾನು. ನನ್ನ ಕಣ್ಣಿಗೇನು ಬಂದಿದೆ ರೋಗ?" ಅಪ್ಪ ಮಗಳೊಡನೆ ನೇರವಾಗಿ ಆಡಿದ ಕೊನೆಯ ಮಾತು ಅದು. ಡಾಕ್ಟರ ಬಾಗಿಲು ತುಳಿಯುವುದಿಲ್ಲ ಎಂದು ಹಟ ಹಿಡಿದು ಕುಳಿತ. ಗೇಟಿನೊಳಗೆ ವ್ಯಾನು ಧೂಳು ಹಿಡಿಯಿತು. ಮನೆಗೆ ಬರುವ ಹಾಲು ಅರ್ಧವಾಯಿತು, ಮೊಟ್ಟೆ ಭಾನುವಾರಕ್ಕೆ ಸರಿಯಿತು, ಅಮ್ಮನ ಮಿಷನ್ನು ಊಟದ ಹೊತ್ತಿನಲ್ಲೂ ನಿಲ್ಲದಾಯಿತು.

ಊಟದ ಮೇಜಿನಲ್ಲಿ ಇನ್ನೊಂದು ಸಂಗತಿಯಿತ್ತು. ಅದು ಈ ಜಗಳಕ್ಕಿಂತ ಹಳೆಯದು. ಮೊದಲೆಲ್ಲ ಅಪ್ಪನ ನೀರಿನ ಲೋಟ ತಟ್ಟೆಯ ಎಡಗಡೆ ಇರುತ್ತಿತ್ತು. ಅವನ ಕೈ ತಗುಲಿ ಉರುಳುವುದು ಹೆಚ್ಚಾದಾಗ ಒಂದು ದಿನ ಅದು ಬಲಗಡೆಗೆ ಬಂತು. ಬಾಗಿಲ ಎಡಕ್ಕಿದ್ದ ಅಜ್ಜಿಯ ಸ್ಟೂಲು ಮೂಲೆ ಸೇರಿತು. ಯಾರು ಸರಿಸಿದರೆಂದು ಅಪ್ಪ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಒಂದು ಸಂಜೆ ತಟ್ಟೆಯ ಮುಂದೆ ಕುಳಿತು ಅಪ್ಪ ಹೇಳಿದ: "ಅವ್ವಾ, ಎಲ್ಲರಿಗೂ ಹೇಳು. ಭಾನುವಾರ ನಾನು ಬೆಟ್ಟ ಹತ್ತುತ್ತೀನಿ. ತುದೀಲಿರೋ ಕಾವಲು ಗೋಪುರದ ತನಕ. ಹತ್ತಿ ಇಳಿದು ಬಂದ ಮೇಲೆ ಡಾಕ್ಟರು ಅನ್ನೋ ಮಾತು ಈ ಮನೇಲಿ ಯಾರೂ ಎತ್ತಕೂಡದು."

"ಬೆಟ್ಟ ಹತ್ತೋದು ಕಾಲು ಕಣೋ, ಕಣ್ಣಲ್ಲ," ಎಂದಳು ಅಜ್ಜಿ.

"ಕಣ್ಣಿಲ್ಲದೆ ಕಾಲು ಎಲ್ಲಿಗೆ ಹೋಗುತ್ತೆ?"

"ಅದನ್ನೇ ಎಲ್ಲರೂ ಕೇಳ್ತಿರೋದು."

ಮಗಳು ತುತ್ತು ನುಂಗಿ, "ಅಜ್ಜೀ, ಗೋಪುರ ತಲುಪದೇ ಹೋದರೆ? ಆಗ ಡಾಕ್ಟರ ಹತ್ತಿರ ಬರ್ತಾರಾ ಕೇಳು," ಎಂದಳು.

ಮಿಷನ್ನು ನಿಂತಿತು. ಅಪ್ಪ ತಟ್ಟೆಯಿಂದ ಕಣ್ಣು ಕೀಳದೆ, "ಬರ್ತಾನಂತೆ ಅಂತ ಹೇಳು," ಎಂದ.

"ಒಬ್ಬರನ್ನೇ ಕಳಿಸಲ್ಲ," ಎಂದಳು ಅಮ್ಮ. ಅವಳು ಮಾತಾಡುವುದೇ ಅಪರೂಪವಾದ್ದರಿಂದ ಮೂವರೂ ತಿರುಗಿ ನೋಡಿದರು. "ನಾನೂ ಬರ್ತೀನಿ. ಅವಳೂ ಬರ್ತಾಳೆ. ಮುಗೀತು."

ಭಾನುವಾರ ಬಸ್ಸಿಳಿದು ಬೆಟ್ಟದ ಬುಡಕ್ಕೆ ಬಂದರು. ಹತ್ತಲು ಶುರುಮಾಡುವಷ್ಟರಲ್ಲೇ ಅಮ್ಮನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಮೈಮೇಲಿನ ಬಟ್ಟೆಯಲ್ಲಿ ಸದಾ ಸೂಜಿ ಸಿಕ್ಕಿಸಿಕೊಂಡಿರುವವಳು ಅಂದು ಸೂಜಿ ತಂದಿರಲಿಲ್ಲ. "ನೀವಿಬ್ಬರು ಹೋಗಿಬನ್ನಿ. ನಾನಿಲ್ಲಿ ಟೀ ಅಂಗಡಿ ಬೆಂಚಿನ ಮೇಲೆ ಕೂತಿರ್ತೀನಿ," ಎಂದಳು.

"ನಾವಿಬ್ಬರಾ?" ಎಂದ ಅಪ್ಪ.

"ಇನ್ನು ಅವ್ವನ್ನ ಹೊತ್ತುಕೊಂಡು ಬರಬೇಕಿತ್ತಾ ನಾನು?"

ಹೀಗೆ ನಡುವಿನವರು ಯಾರೂ ಇಲ್ಲದೆ ಇಬ್ಬರೂ ಬೆಟ್ಟ ಹತ್ತಿದರು. ಅಪ್ಪ ಮುಂದೆ, ಮಗಳು ಹಿಂದೆ. ಅಪ್ಪನ ನಡಿಗೆ ಚುರುಕಾಗಿಯೇ ಇತ್ತು. ಕಾಲಿನ ಬಗ್ಗೆ ಯಾರೂ ದೂರುವಂತಿರಲಿಲ್ಲ. ಬಿಸಿಲೇರಿದಾಗ ಅವನು ಒಂದು ಬಂಡೆಯ ಬಳಿ ನಿಂತು, "ನೀರಿದೆ," ಎಂದು ಬಂಡೆಗೆ ಹೇಳಿ ಬಾಟಲಿಯನ್ನು ಅದರ ಮೇಲಿಟ್ಟು ಮುಂದೆ ಹೋದ. ಮಗಳು ಬಂದು ಕುಡಿದಳು. "ಬ್ರೆಡ್ಡಿದೆ," ಎಂದು ಅದೇ ಬಂಡೆಗೆ ಹೇಳಿ ಪೊಟ್ಟಣ ಬಿಚ್ಚಿಟ್ಟಳು. ಅಪ್ಪ ತಿರುಗಿ ಬಂದು ಎರಡು ತುಂಡು ಎತ್ತಿಕೊಂಡ. ಬಂಡೆ ಅಜ್ಜಿಯ ಹಾಗೆ ಗೊಣಗಲಿಲ್ಲ.

ಇನ್ನೂ ಮೇಲೆ ಹೋದ ಮೇಲೆ ಹಾದಿ ಕವಲೊಡೆಯಿತು. ಎಡಬದಿಯ ಕಲ್ಲಿನ ಮೇಲೆ ಊಟದ ತಟ್ಟೆಯಗಲದ ಬಿಳಿ ಬಾಣ ಬರೆದಿದ್ದರು. ಬಾಣ ಎಡಕ್ಕೆ ತೋರಿಸುತ್ತಿತ್ತು. ಅಪ್ಪ ಅದರ ಪಕ್ಕದಲ್ಲೇ ಹಾದು, ಬಲಗಡೆಯ ಹಾದಿ ಹಿಡಿದು, ಸಿಳ್ಳೆ ಹಾಕುತ್ತ ನಡೆದ.

ಮಗಳು ಕಲ್ಲಿನ ಮುಂದೆ ನಿಂತಳು. ಬಾಯಿ ತೆರೆದಳು. ಕೂಗಿದರೆ ಅಪ್ಪ ಎಡಕ್ಕೆ ತಿರುಗುತ್ತಾನೆ, ಗೋಪುರ ತಲುಪುತ್ತಾನೆ. ತಲುಪಿದರೆ ಆಮೇಲೆ ಡಾಕ್ಟರ ಮಾತಿಲ್ಲ. ನಾಳೆ ಬೀಗದಕೈ ತೆಗೆದುಕೊಂಡು ಇನ್ನೊಂದು ಶಾಲೆಗೆ ಹೋದರೂ ಹೋದನೇ. ಬೂಟಿನ ದಾರ ಕಟ್ಟುತ್ತ ಬಗ್ಗಿದ ಆ ಹುಡುಗಿಯ ಬೆನ್ನು ನೆನಪಾಯಿತು. ಅವಳು ಬಾಯಿ ಮುಚ್ಚಿ ಅಪ್ಪನ ಹಿಂದೆ ನಡೆದಳು.

ಸ್ವಲ್ಪ ಹೊತ್ತಿನಲ್ಲೇ ಹಾದಿಯ ಮೇಲೆ ಪೊದೆಗಳು ಚಾಚಿಕೊಂಡವು. ಹಳೆಯ ಲಾರಿಚಕ್ರದ ಗುಂಡಿಗಳು ಕಂಡವು. ಅಪ್ಪನ ಸಿಳ್ಳೆ ನಿಂತಿತು. ನಡುನಡುವೆ ಅವನು ನಿಂತು, ಗೋಪುರ ಇರಬೇಕಾದ ದಿಕ್ಕಿಗೆ ಕತ್ತೆತ್ತಿ ನೋಡುವನು, ಮತ್ತೆ ನಡೆಯುವನು. ದಾರಿ ತಪ್ಪಿದ್ದು ಅವನಿಗೂ ಗೊತ್ತಾಗಿದೆ ಎಂದು ಅವನ ಬೆನ್ನು ನೋಡಿಯೇ ಅವಳಿಗೆ ತಿಳಿಯಿತು. ಕೇಳಿದರೆ ಅವನು ಸೋತಂತೆ, ಹೇಳಿದರೆ ಇವಳು ಸೋತಂತೆ. ಇಬ್ಬರೂ ಮುಂದೆ ಮುಂದೆ ಹೋದರು.

ಹಾದಿ ಒಂದು ಪಾಳುಬಿದ್ದ ಕಲ್ಲುಕ್ವಾರಿಯ ಅಂಚಿಗೆ ಬಂದು ತಲುಪಿತು. ಎಡಗಡೆ ಬೆಟ್ಟವನ್ನೇ ಚಾಕುವಿನಿಂದ ಕುಯ್ದಂತೆ ನೇರ ಪ್ರಪಾತ, ಕೆಳಗೆ ಹಸಿರುಗಟ್ಟಿದ ನೀರು. ಅಂಚಿನ ಮೇಲೆ ಜಲ್ಲಿ ಸಡಿಲವಾಗಿತ್ತು. ಅಪ್ಪ ಬಲಗಡೆಯ ಆಕಾಶದಲ್ಲಿ ಗೋಪುರ ಹುಡುಕುತ್ತ ನಡೆಯುತ್ತಿದ್ದ. ನಡೆಯುತ್ತ ನಡೆಯುತ್ತ ಅವನ ಮೈ ಎಡಕ್ಕೆ ವಾಲಿತು. ಎಡಗಾಲು ಎತ್ತಿದ. ಆ ಕಾಲಿನ ಕೆಳಗೆ ನೆಲವಿರಲಿಲ್ಲ.

"ಹೋಲ್ಡಾನ್!"

ಬೆಟ್ಟವೇ ಅದನ್ನು ಎರಡು ಸಲ ಕೂಗಿತು. ಅಪ್ಪನ ಕಾಲು ಇದ್ದಲ್ಲೇ ನಿಂತಿತು. ಯೋಚಿಸಲಿಲ್ಲ, ತಿರುಗಿ ನೋಡಲಿಲ್ಲ. ಬ್ರೇಕು ಬಿದ್ದ ಹಾಗೆ ನಿಂತ. ಬಲಗಾಲಿನ ಬಳಿಯಿಂದ ನಾಲ್ಕಾರು ಕಲ್ಲು ಜಾರಿದವು. ಬಹಳ ಹೊತ್ತಿನ ಮೇಲೆ ನೀರಿನ ಸದ್ದು ಕೇಳಿತು.

"ಬಲಕ್ಕೆ," ಎಂದಳು ಮಗಳು. "ಕಾಲು ಹಿಂದಕ್ಕೆ ತಗೋ. ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಸಾಕು."

ಅಪ್ಪ ಹಿಂದಕ್ಕೆ ಬಂದು ಕುಕ್ಕರಿಸಿದ. ಕತ್ತನ್ನು ಪೂರಾ ಎಡಕ್ಕೆ ಹೊರಳಿಸಿ ಆಗ ಆ ಪ್ರಪಾತವನ್ನು ನೋಡಿದ. ನೋಡುತ್ತಲೇ ಇದ್ದ.

"ಕಂಡಿತ್ತು ನಂಗೆ," ಎಂದ ಕಡೆಗೆ.

"ಸುಳ್ಳು ಹೇಳಬೇಡ ಅಪ್ಪಾ. ಕಂಡಿದ್ದರೆ ಅಲ್ಲಿ ಯಾಕೆ ಕಾಲಿಟ್ಟೆ? ಕವಲಲ್ಲಿ ಅಷ್ಟು ದೊಡ್ಡ ಬಾಣ ಇತ್ತು, ಅದೂ ಕಾಣಲಿಲ್ಲ ನಿಂಗೆ."

"ಬಾಣಾನಾ?"

ಮಗಳು ತುಟಿ ಕಚ್ಚಿದಳು. ಆದರೆ ಆಡಿದ ಮಾತು ಆಗಲೇ ಕೈಮೀರಿತ್ತು.

"ನೀನು ನೋಡಿದೆಯಾ ಅದನ್ನ?"

"ನೋಡಿದೆ."

"ನೋಡಿಯೂ ನನ್ನ ಹಿಂದೆ ಸುಮ್ಮನೆ ಬಂದೆ."

"ಬಂದೆ. ನೀನು ಗೋಪುರ ತಲುಪಬಾರದು ಅಂತಲೇ ಬಂದೆ."

ಅಪ್ಪ ಅವಳ ಮುಖವನ್ನು ನೆಟ್ಟಗೆ ನೋಡಿದ. ವಾರಗಳಲ್ಲಿ ಮೊದಲ ಸಲ. "ಶಾಲೆಯವರ ಮುಂದೆ ನಿನ್ನ ಬಾಯಿ ಎಷ್ಟು ಚೆನ್ನಾಗಿ ಕೂಗಿತು ಹಾರ್ನೂ. ಇಲ್ಲಿ ಕೂಗಬೇಕಾದ ಕಡೆ ಕೆಟ್ಟುಹೋಯಿತಾ?"

"ಮೊದಲೇ ನಿಂಗೆ ಹೇಳಿದ್ದರೆ ಕೇಳ್ತಿದ್ದೆಯಾ?"

"ಕೇಳ್ತಿರಲಿಲ್ಲ."

"ಮತ್ತೆ?"

"ಆದರೂ ಮೊದಲು ನಂಗೆ ಹೇಳಬೇಕಿತ್ತು ನೀನು. ಹೇಳಿ, ನನ್ನ ಕೈಲಿ ಬೈಸಿಕೊಂಡು, ಆಮೇಲೆ ಹೋಗಿ ಅವರಿಗೆ ಹೇಳಬೇಕಿತ್ತು. ಆ ಹೆಂಗಸು ಮೇಜಿನಾಚೆ ಕೂತು, 'ನಿಮ್ಮ ಮಗಳೇ ಬಂದು ಹೇಳಿದಳು' ಅಂದಾಗ ನಾನು ಯಾವ ಮುಖ ಇಟ್ಟುಕೊಂಡು ನಿಂತಿರಬೇಕು?"

ಗಾಳಿ ಬೀಸಿ ಕೆಳಗಿನ ನೀರು ಸುಕ್ಕುಗಟ್ಟಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತರು. ಮನೆಯಲ್ಲಿ ಇಷ್ಟು ದಿನ ಇದ್ದ ಮೌನ ಇದಲ್ಲ ಎಂದು ಅವಳಿಗನ್ನಿಸಿತು. ಅಲ್ಲಿ ಇಬ್ಬರೂ ಬಾಗಿಲು ಹಾಕಿಕೊಂಡಿದ್ದರು, ಇಲ್ಲಿ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ.

"ಷರತ್ತು ಲೆಕ್ಕಕ್ಕಿಲ್ಲ ಅಪ್ಪಾ," ಎಂದಳು. "ನಾನು ಮೋಸ ಮಾಡಿದೆ. ಡಾಕ್ಟರ ಹತ್ತಿರ ಹೋಗ್ತೀಯೋ ಬಿಡ್ತೀಯೋ ನಿನ್ನಿಷ್ಟ. ಆದರೆ ಒಂದು ಮಾತು. ನೀನು ಇನ್ನು ಯಾವ ಶಾಲೆಯ ಮಕ್ಕಳನ್ನ ಕೂರಿಸಿಕೊಂಡರೂ ನಾನು ಅಲ್ಲಿಗೂ ಹೋಗಿ ಹೇಳ್ತೀನಿ. ಈ ಸಲ ಮೊದಲು ನಿಂಗೆ ಹೇಳ್ತಿದ್ದೀನಿ, ನೋಡು."

ಅಪ್ಪ ಎದ್ದು ಪ್ಯಾಂಟಿನ ಧೂಳು ಕೊಡವಿದ. ಇಳಿಯುವಾಗ ಮಗಳು ಅವನ ಎಡಗಡೆಗೆ ಬಂದು ನಡೆದಳು. "ಕಲ್ಲಿದೆ... ಗುಂಡಿ... ಕೊಂಬೆ, ತಲೆ ಬಗ್ಗಿಸು." ಒಂದೊಂದಕ್ಕೂ ಅಪ್ಪ "ಹೂಂ" ಎನ್ನುತ್ತಿದ್ದ. ಕವಲಿನ ಬಳಿ ನಿಂತು ಬಾಣವನ್ನು ಅಂಗೈಯಿಂದ ಸವರಿ ನೋಡಿದ. "ಥೂ, ಇಷ್ಟು ದೊಡ್ಡದಾ!" ಎಂದ.

ಬೆಟ್ಟದ ಬುಡದಲ್ಲಿ ಅಮ್ಮ ಬೆಂಚಿನಿಂದ ಎದ್ದು ನಿಂತಿದ್ದಳು. ಕಾದು ಕಾದು ಅವಳ ಮುಖ ಸಣ್ಣಗಾಗಿತ್ತು. "ಎಷ್ಟು ಹೊತ್ತು! ಗೋಪುರ ಸಿಕ್ಕಿತಾ?"

ಮಗಳು ಅಪ್ಪನ ಕಡೆ ನೋಡಿದಳು.

"ಇಲ್ಲ. ದಾರಿ ತಪ್ಪಿತು," ಎಂದ ಅಪ್ಪ.

ಮನೆಗೆ ಬಂದ ಮೇಲೆ ಟಪಾಲಿನ ಕೆಲಸದಿಂದ ಅಜ್ಜಿಗೆ ಬಿಡುಗಡೆಯಾಯಿತು. "ಇನ್ನು ನನ್ನ ಮಾತು ಯಾರಿಗೆ ಬೇಕು ಬಿಡಿ," ಎಂದು ಅದಕ್ಕೂ ಗೊಣಗಿದಳು. ಆದರೆ ಅಪ್ಪ ಡಾಕ್ಟರ ಹೆಸರೆತ್ತಲಿಲ್ಲ. ದಿನವೂ ಬೆಳಿಗ್ಗೆ ವ್ಯಾನು ತೊಳೆಯುವನು. ತೊಳೆದು ಒಳಗೆ ಕುಳಿತು ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನಿರುವನು. ಒಮ್ಮೆ ಎಡಗಡೆಯ ಕನ್ನಡಿಯನ್ನು ಒರೆಸಿ, ಅದರ ಕೆಳಗಿನ ಗೀರುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿರುವುದನ್ನು ಮಗಳು ಕಿಟಕಿಯಿಂದ ಕಂಡಳು. ಏನೂ ಹೇಳದೆ ಕೆಲಸಕ್ಕೆ ಹೋದಳು. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಇನ್ನು ಒಂದೇ ಒಂದು ಮಾತು ಹೆಚ್ಚಾದರೂ ಅದು ತಳ್ಳಿದಂತಾಗುತ್ತದೆ ಎಂದು ಹಲ್ಲು ಕಚ್ಚಿ ಕಾದಳು. ಕಾಯುವುದು ಕೂಗುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಅಪ್ಪ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಹಾರ್ನೂ, ನಿಮ್ಮ ಸಾಹುಕಾರರನ್ನ ಕೇಳು. ಅರ್ಧ ದಿನ ರಜೆ ಕೊಡ್ತಾರಾ."

ಕಣ್ಣಿನ ಆಸ್ಪತ್ರೆಯಲ್ಲಿ ಮೊದಲು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅಪ್ಪ ಕೆಳಗಿನ ಸಾಲಿನವರೆಗೂ ಗಡಗಡ ಓದಿ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಒಂದು ಕತ್ತಲ ಕೋಣೆಗೆ ಕರೆದೊಯ್ದರು. ಬೋಗುಣಿಯನ್ನು ಅಡ್ಡಲಾಗಿಟ್ಟಂಥ ಯಂತ್ರ. ಗಲ್ಲವನ್ನು ಅದರ ಮುಂದಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕಿಯನ್ನೇ ನೋಡಬೇಕು. ಸುತ್ತ ಎಲ್ಲಿ ಬೆಳಕು ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ಯಂತ್ರ ನಡೆಸುವ ಹುಡುಗಿ ಎಲ್ಲ ವಿವರಿಸಿ ಮಗಳಿಗೆ ಮೂಲೆಯಲ್ಲಿ ಕುರ್ಚಿ ಕೊಟ್ಟಳು.

ಬಲಗಣ್ಣು ಸಲೀಸಾಗಿ ಮುಗಿಯಿತು. ಎಡಗಣ್ಣಿನ ಸರದಿ ಬಂತು. ಪ್ರತಿ ಬೆಳಕಿಗೂ ಯಂತ್ರ ಒಳಗೊಳಗೇ 'ಗರ್' ಎನ್ನುತ್ತಿತ್ತು, ಹಿಂದೆಯೇ ಅಪ್ಪನ ಗುಂಡಿ 'ಟಕ್' ಎನ್ನುತ್ತಿತ್ತು. ಗರ್, ಟಕ್. ಗರ್, ಟಕ್. ಒಂದೂ ತಪ್ಪಲಿಲ್ಲ. ಮಗಳಿಗೆ ಅನುಮಾನ ಹುಟ್ಟಿತು. ಇಂಜಿನ್ನಿನ ಸದ್ದಿನಲ್ಲೇ ಅದರ ರೋಗ ಕಂಡುಹಿಡಿಯುವ ಕಿವಿ ಅಪ್ಪನದು ಎಂದು ಅವಳಿಗೆ ಗೊತ್ತಿತ್ತು.

"ಯಜಮಾನ್ರೇ," ಎಂದಳು ಯಂತ್ರದ ಹುಡುಗಿ, "ಬೆಳಕು ಬಿಡದೇ ಇದ್ದಾಗಲೂ ಒತ್ತುತ್ತಾ ಇದ್ದೀರಿ. ಇದು ನಡುನಡುವೆ ಬರೀ ಸದ್ದು ಮಾಡಿ ಪರೀಕ್ಷೆ ಮಾಡುತ್ತೆ. ಕಂಡರೆ ಮಾತ್ರ ಒತ್ತಿ."

ಅಪ್ಪ ಗಲ್ಲ ತೆಗೆದ. ಮಗಳ ನಾಲಿಗೆಯ ತುದಿಗೆ ಏನೇನೋ ಬಂತು. ಅವಳು ಕೈಗಳೆರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತಳು.

"ಮೊದಲಿಂದ ಹಾಕಮ್ಮ," ಎಂದ ಅಪ್ಪ. ಮತ್ತೆ ಗಲ್ಲ ಇಟ್ಟ.

ಗರ್, ಟಕ್. ಗರ್, ಟಕ್. ಗರ್.

ಗರ್.

ಗರ್.

ಆ ಕತ್ತಲಲ್ಲಿ ಗುಂಡಿ ಒತ್ತದ ಪ್ರತಿ ಸಲವೂ ಅಪ್ಪ ಒಂದೊಂದು ಮಾತು ಒಪ್ಪಿಕೊಳ್ಳುತ್ತಿರುವಂತೆ ಅವಳಿಗೆ ಕೇಳಿಸಿತು. ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಆದರೂ ಒತ್ತಲಿಲ್ಲ.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎಡಗಣ್ಣಿನ ಅಂಚಿನ ನೋಟ ಹೋಗಿದೆ ಎಂದರು ಡಾಕ್ಟರು. ಹೋದದ್ದು ತಿರುಗಿ ಬರುವುದಿಲ್ಲ. ದಿನವೂ ಕಣ್ಣಿಗೆ ಔಷಧಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ. ಮಕ್ಕಳ ವ್ಯಾನು ಬೇಡವೇ ಬೇಡ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

"ಗೊತ್ತಾಗಲಿಲ್ಲ ಡಾಕ್ಟ್ರೇ," ಎಂದ ಅಪ್ಪ. ಒಂದು ಕ್ಷಣ ಬಿಟ್ಟು, "ಗೊತ್ತಾಗಿತ್ತು," ಎಂದ.

ದಾರಿಯಲ್ಲಿ ಶಾಲೆಯ ಮುಂದೆ ಬಸ್ಸಿಳಿದು, ಮಗಳನ್ನು ಹೊರಗೇ ನಿಲ್ಲಿಸಿ, ಒಬ್ಬನೇ ಕಚೇರಿಯ ಒಳಗೆ ಹೋಗಿಬಂದ. ಏನು ಹೇಳಿದೆ ಎಂದು ಅವಳು ಕೇಳಲಿಲ್ಲ. ಬಂದವನ ಮುಖ ಬಾಡಿತ್ತು. ಕತ್ತು ಮಾತ್ರ ನೆಟ್ಟಗಿತ್ತು.

ಅಂದು ಊಟಕ್ಕೆ ಮಿಷನ್ನು ನಿಲ್ಲಿಸಿ ಅಮ್ಮನೂ ಮೇಜಿಗೆ ಬಂದಳು. ಅಪ್ಪ ವ್ಯಾನಿನ ಬೀಗದಕೈಯನ್ನು ತಟ್ಟೆಯ ಪಕ್ಕದಲ್ಲಿಟ್ಟು, "ಮಾರಿಬಿಡೋಣ," ಎಂದ.

"ಯಾಕೆ?" ಎಂದಳು ಅಮ್ಮ. "ನಾನು ಕಲಿತೀನಿ."

ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಅಮ್ಮ ನಗಲಿಲ್ಲ. "ಈ ವಯಸ್ಸಿನ ತನಕ ಮಿಷನ್ ತುಳಿದ ಕಾಲು, ಬ್ರೇಕು ತುಳಿಯಲಾರದಾ? ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ. ಮಕ್ಕಳನ್ನ ಹತ್ತಿಸಿ ಇಳಿಸಿ."

"ಬೈದರೆ ಅಳಬಾರದು."

"ಬೈದರೆ ನಡುರಸ್ತೆಯಲ್ಲಿ ಇಳಿಸಿಬಿಡ್ತೀನಿ."

ಅಪ್ಪನ ಬಾಯಿಯ ಒಂದು ಬದಿ ಸ್ವಲ್ಪ ಸಡಿಲವಾಯಿತು. ನೀರಿಗೆ ಕೈ ಚಾಚಿದ. ಲೋಟ ಬಲಗಡೆ ಇತ್ತು. ಕುಡಿದು ಮುಗಿಸಿ, ಅದನ್ನು ಹಿಡಿದುಕೊಂಡೇ ಕೇಳಿದ: "ಇದನ್ನ ಈ ಕಡೆ ಇಡೋಕೆ ಶುರು ಮಾಡಿದ್ದು ಯಾರು?"

ಅಮ್ಮ ತಟ್ಟೆ ನೋಡಿದಳು.

"ನಾನು," ಎಂದಳು.

"ಸ್ಟೂಲು?"

"ಅದು ನಾನು ಕಣೋ," ಎಂದಳು ಅಜ್ಜಿ. "ಎಡವಿ ಬಿದ್ದೀಯ ಅಂತ."

ಅಪ್ಪ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ತನ್ನ ಎಡಗಡೆ ಕುಳಿತಿದ್ದ ಮಗಳನ್ನು ನೋಡಲು ಕತ್ತನ್ನು ಪೂರಾ ತಿರುಗಿಸಿದ. ತಿರುಗಿಸುತ್ತಿರುವುದನ್ನು ಯಾರಿಂದಲೂ ಮರೆಮಾಡಲಿಲ್ಲ.

"ಹಾಗಾದರೆ ಎಲ್ಲರಿಗೂ ಕಂಡಿತ್ತು," ಎಂದ. "ಕೂಗಿದ್ದು ಇವಳೊಬ್ಬಳು."

ಅವನು ಖಾಲಿ ಲೋಟವನ್ನು ಅವಳ ಕಡೆ ಚಾಚಿದ.

"ಹಾರ್ನೂ, ನೀರು ಹಾಕು."